ಟೊರೆಂಟ್: ಇಳಿಸಿಕೊಳ್ಳುವವರೇ ಹಂಚುವವರು

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿರುವ ಮಾನ್ವಿ, ಸಿರವಾರದ ರೈತರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ: ಮೂಲ ಒಂದೇ, ಕೇಳುವವರು ಸಾವಿರಾರು. ಒಂದೇ ಸರ್ವರ್‌ನಿಂದ ಎಲ್ಲರೂ ಫೈಲ್ ಎಳೆದಾಗಲೂ ಇದೇ ಪಾಡು. ಟೊರೆಂಟ್ ಎಂಬ ಫೈಲ್ ಹಂಚಿಕೆ ವಿಧಾನದಲ್ಲಿ ಮಾತ್ರ ಫೈಲ್ ಪಡೆಯುವ ಪ್ರತಿ ಕಂಪ್ಯೂಟರೂ ಮುಂದಿನವರಿಗೆ ತೂಬಾಗುತ್ತದೆ. ನೀರು ಹಂಚಿದರೆ ಕಡಿಮೆಯಾಗುತ್ತದೆ, ಫೈಲ್ ಆಗುವುದಿಲ್ಲ. ಕೃತಿಸ್ವಾಮ್ಯದ ಜಗಳ ಹುಟ್ಟಿದ್ದೂ ಇಲ್ಲಿಂದಲೇ.

ಸಿಂಧನೂರಿನ ಒಂದು ಕಾಲೇಜಿನ ಲ್ಯಾಬ್‌ನಲ್ಲಿ 30 ಕಂಪ್ಯೂಟರ್‌ಗಳಿಗೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಬೇಕು ಎಂದಿಟ್ಟುಕೊಳ್ಳಿ. ಫೈಲ್ ಸುಮಾರು 6 ಜಿಬಿ, ಇಂಟರ್ನೆಟ್ 40 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 5 ಎಂಬಿ. ಒಂದು ಪ್ರತಿ ಇಳಿಯಲು 20 ನಿಮಿಷ ಬೇಕು. ಮೂವತ್ತೂ ಬೇರೆ ಬೇರೆಯಾಗಿ ಎಳೆದರೆ 10 ಗಂಟೆ. ಟೊರೆಂಟ್‌ನಲ್ಲಾದರೆ ಒಂದಕ್ಕೆ ಬಂದ ತುಣುಕನ್ನು ಉಳಿದವು ಲ್ಯಾಬ್‌ನ ಒಳಗೇ ಹಂಚಿಕೊಳ್ಳುತ್ತವೆ.

ಮಾಡುವ ಬಗೆ

ಮೊದಲು ಕ್ಯೂಬಿಟ್‌ಟೊರೆಂಟ್ ಅಥವಾ ಟ್ರಾನ್ಸ್‌ಮಿಷನ್ ತಂತ್ರಾಂಶವನ್ನು ಅದರದೇ ಅಧಿಕೃತ ತಾಣದಿಂದ ಹಾಕಿಕೊಳ್ಳಿ. ಎರಡೂ ಉಚಿತ. ನಂತರ ಉಬುಂಟು ತಾಣದಲ್ಲೇ ಸಿಗುವ ಟೊರೆಂಟ್ ಫೈಲ್ ತೆರೆಯಿರಿ. ಈ ಪುಟ್ಟ ಫೈಲ್‌ನಲ್ಲಿ ಉಬುಂಟು ಇರುವುದಿಲ್ಲ, ಅದರ ಗುರುತಿನ ಪಟ್ಟಿ ಇರುತ್ತದೆ. ತುಣುಕು 256 ಕೆಬಿ ಆದರೆ 6 ಜಿಬಿಗೆ ಸುಮಾರು 24 ಸಾವಿರ ತುಣುಕು. ಪ್ರತಿಯೊಂದಕ್ಕೂ 20 ಬೈಟ್‌ನ ಒಂದು ಹ್ಯಾಶ್, ಅದು ಬೆರಳಚ್ಚು ಇದ್ದಂತೆ. ಬಂದ ತುಣುಕಿನ ಹ್ಯಾಶ್ ಹೊಂದದಿದ್ದರೆ ತಂತ್ರಾಂಶ ಅದನ್ನು ಎಸೆದು ಮತ್ತೆ ತರಿಸುತ್ತದೆ. ಹಾಗಾಗಿ ಗುರುತಿಲ್ಲದವರಿಂದ ಪಡೆದರೂ ಫೈಲ್ ಕೆಡುವುದಿಲ್ಲ. ಆದರೆ ಮೂಲ ಫೈಲಲ್ಲೇ ವೈರಸ್ ಇದ್ದರೆ ಹ್ಯಾಶ್ ಅದನ್ನೂ ಅಷ್ಟೇ ನಿಷ್ಠೆಯಿಂದ ತಲುಪಿಸುತ್ತದೆ.

ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ನಿಮ್ಮ ಲೈನಿನ ಅಪ್‌ಲೋಡ್ ವೇಗದ ಶೇ 80ರಷ್ಟಿಡಿ. 10 ಎಂಬಿಪಿಎಸ್ ಇದ್ದರೆ ಅದು ಸೆಕೆಂಡಿಗೆ 1,250 ಕೆಬಿ, ಮಿತಿ 1,000. ಪೂರ್ತಿ ಬಿಟ್ಟರೆ 'ತುಣುಕು ತಲುಪಿತು' ಎಂದು ಹಿಂದಕ್ಕೆ ಹೋಗಬೇಕಾದ ಸಂದೇಶಗಳೇ ಸಿಕ್ಕಿಕೊಂಡು ಡೌನ್‌ಲೋಡ್ ಕೂಡ ಕುಂಟುತ್ತದೆ. 0 ಎಂದು ಹಾಕಬೇಡಿ, ಕ್ಯೂಬಿಟ್‌ಟೊರೆಂಟ್‌ನಲ್ಲಿ 0 ಅಂದರೆ ಮಿತಿಯೇ ಇಲ್ಲ. ಲ್ಯಾಬ್‌ಗಾಗಿ 'ಲೋಕಲ್ ಪೀರ್ ಡಿಸ್ಕವರಿ' (ಒಂದೇ ಜಾಲದ ಕಂಪ್ಯೂಟರ್‌ಗಳು ಪರಸ್ಪರ ಹುಡುಕಿಕೊಳ್ಳುವ ಆಯ್ಕೆ) ಆನ್ ಇರಲಿ. ವೈಫೈ ರೂಟರ್‌ನಲ್ಲಿ ಸಾಧನಗಳು ಒಂದನ್ನೊಂದು ಕಾಣದಂತೆ ತಡೆದಿದ್ದರೆ ಇದು ಕೆಲಸ ಮಾಡದು, ಕೇಬಲ್ ಹಾಕುವುದೇ ವಾಸಿ.

ಮುಂದಿನದು ತಂತ್ರಾಂಶದ ಕೆಲಸ. ಟ್ರ್ಯಾಕರ್ ಎಂಬ ಸರ್ವರ್ ಯಾರ ಬಳಿ ಫೈಲ್ ಇದೆ ಎಂದು ವಿಳಾಸ ಕೊಡುತ್ತದೆ, ಫೈಲ್ ಕೊಡುವುದಿಲ್ಲ. ಗುಂಪಿನಲ್ಲಿ ಅಪರೂಪವಾದ ತುಣುಕನ್ನೇ ಮೊದಲು ತರಿಸುವುದು ಇದರ ಜಾಣತನ. ಇಲ್ಲದಿದ್ದರೆ, ಅದನ್ನು ಇಟ್ಟುಕೊಂಡಿದ್ದ ಒಬ್ಬರು ಹೊರಟುಹೋದರೆ ಎಲ್ಲರೂ ಶೇ 99ಕ್ಕೆ ನಿಲ್ಲಬೇಕಾಗುತ್ತದೆ. ನಿಮಗೆ ಹೆಚ್ಚು ಕೊಡುವವರಿಗೆ ನಿಮ್ಮ ಕಂಪ್ಯೂಟರೂ ಹೆಚ್ಚು ಕೊಡುತ್ತದೆ. ಮೂಲ ವಿನ್ಯಾಸದಲ್ಲಿ ಈ ಆಯ್ಕೆ 10 ಸೆಕೆಂಡಿಗೊಮ್ಮೆ ನಡೆಯುತ್ತದೆ. ಬರಿಗೈಲಿ ಬಂದ ಹೊಸಬರಿಗೂ ಅವಕಾಶ ಸಿಗಲೆಂದು 30 ಸೆಕೆಂಡಿಗೊಮ್ಮೆ ಒಬ್ಬರನ್ನು ಹಾಗೇ ಆರಿಸಿ ಕೊಡಲಾಗುತ್ತದೆ.

ಮುಗಿದ ಕೂಡಲೇ ಮುಚ್ಚಬೇಡಿ. ಪಡೆದಷ್ಟನ್ನು ಕೊಟ್ಟಾಗ ರೇಶಿಯೋ 1.0 ಆಗುತ್ತದೆ, ಅಲ್ಲಿಯವರೆಗಾದರೂ ಬಿಟ್ಟಿರಿ.

ಕೈಕೊಡುವುದು ಎಲ್ಲಿ

ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. 'ಫೋರ್ಸ್ ರೀಚೆಕ್' ಒತ್ತಿದರೆ ಸರಿಯಿರುವ ತುಣುಕು ಉಳಿದು, ಕೆಟ್ಟದ್ದು ಮಾತ್ರ ಮತ್ತೆ ಬರುತ್ತದೆ. ಸೀಡರ್, ಅಂದರೆ ಪೂರ್ತಿ ಫೈಲ್ ಇಟ್ಟುಕೊಂಡು ಕೊಡುವವರ ಸಂಖ್ಯೆ 0 ಇದ್ದು, ಉಳಿದವರ ಬಳಿಯೂ ಎಲ್ಲ ತುಣುಕು ಸಿಗದಿದ್ದರೆ ಯಾವ ಸೆಟ್ಟಿಂಗೂ ಸಹಾಯ ಮಾಡದು. ಟೊರೆಂಟ್ ಫೈಲ್ ಬದಲು ಬರೀ ಕೊಂಡಿಯಾಗಿ ಸಿಗುವ ಮ್ಯಾಗ್ನೆಟ್ ಲಿಂಕ್ 'ಮೆಟಾಡೇಟಾ'ದಲ್ಲೇ ನಿಂತರೂ ಸಾಮಾನ್ಯವಾಗಿ ಕಾರಣ ಇದೇ: ಗುರುತಿನ ಪಟ್ಟಿಯನ್ನೂ ಇತರರಿಂದಲೇ ಪಡೆಯಬೇಕು, ಕೊಡಲು ಯಾರೂ ಇಲ್ಲ. ಸಿನಿಮಾ ಎಂದು ಬಂದ ಫೈಲಿನ ಹೆಸರು ಇಎಕ್ಸ್‌ಇ ಎಂದು ಮುಗಿದರೆ ಅದು ಸಿನಿಮಾ ಅಲ್ಲ, ಪ್ರೋಗ್ರಾಂ; ತೆರೆಯದೆ ಅಳಿಸಿ.

ಕಾನೂನು ಏನನ್ನು ನೋಡುತ್ತದೆ

1999ರಲ್ಲಿ ಬಂದ, ಹಾಡು ಹಂಚಿಕೊಳ್ಳುವ ಸೇವೆ ನ್ಯಾಪ್‌ಸ್ಟರ್ ಹಾಡುಗಳ ಪಟ್ಟಿಯನ್ನು ತನ್ನ ಸರ್ವರ್‌ನಲ್ಲೇ ಇಟ್ಟಿತ್ತು. ಅಮೆರಿಕದ ನ್ಯಾಯಾಲಯ ಆ ಬುಡವನ್ನೇ ಹಿಡಿಯಿತು, 2001ರಲ್ಲಿ ಸೇವೆ ನಿಂತಿತು. ಅದೇ ವರ್ಷ ಪ್ರೋಗ್ರಾಮರ್ ಬ್ರಾಮ್ ಕೊಹೆನ್ ಟೊರೆಂಟ್‌ನ ಮೂಲ ವಿಧಾನವಾದ ಬಿಟ್‌ಟೊರೆಂಟ್ ಹೊರತಂದರು. 2005ರ, ಫೈಲ್ ಹಂಚುವ ತಂತ್ರಾಂಶ ಕೊಡುತ್ತಿದ್ದ ಗ್ರೋಕ್‌ಸ್ಟರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಉಲ್ಲಂಘನೆಗೆ ಪ್ರಚೋದಿಸುವ ಸಂಸ್ಥೆಯೂ ಹೊಣೆ ಎಂದಿತು. ಟೊರೆಂಟ್ ಪಟ್ಟಿಗಳ ತಾಣ ಪೈರೇಟ್ ಬೇ ನಡೆಸುತ್ತಿದ್ದವರಿಗೆ 2009ರಲ್ಲಿ ಸ್ವೀಡನ್ ನ್ಯಾಯಾಲಯ ಶಿಕ್ಷೆ ವಿಧಿಸಿತು.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಗೊತ್ತಿದ್ದೂ ಉಲ್ಲಂಘಿಸಿದರೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, ₹50 ಸಾವಿರದಿಂದ ₹2 ಲಕ್ಷ ದಂಡ. ವ್ಯಾಪಾರದ ಲಾಭಕ್ಕಲ್ಲದಿದ್ದರೆ, ವಿಶೇಷ ಕಾರಣ ದಾಖಲಿಸಿ ಶಿಕ್ಷೆ ಇಳಿಸುವ ಅವಕಾಶ ನ್ಯಾಯಾಲಯಕ್ಕಿದೆ. 'ನಾನು ನೋಡಿದೆ ಅಷ್ಟೇ' ಎಂಬ ಮಾತು ಟೊರೆಂಟ್‌ನಲ್ಲಿ ನಿಲ್ಲುವುದು ಕಷ್ಟ. ಹೊಸ ಸಿನಿಮಾ ಇಳಿಯುತ್ತಿರುವಾಗಲೇ ನಿಮ್ಮ ಕಂಪ್ಯೂಟರ್ ಅದನ್ನು ಬೇರೆಯವರಿಗೆ ಕಳಿಸುತ್ತಿರುತ್ತದೆ. ನಿಮ್ಮ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಗುಂಪಿನ ಎಲ್ಲರಿಗೂ ಕಾಣುತ್ತದೆ, ಆ ಗುಂಪಿಗೆ ಹಕ್ಕುದಾರರ ಕಡೆಯವರೂ ಸೇರಿಕೊಂಡು ಬರೆದಿಟ್ಟುಕೊಳ್ಳಬಹುದು. ಲ್ಯಾಬ್‌ನಲ್ಲಿ ಯಾವ ಹುಡುಗ ಹಚ್ಚಿದರೂ ಕಾಣುವುದು ಕಾಲೇಜಿನ ವಿಳಾಸ.

ತಂತ್ರಜ್ಞಾನಕ್ಕೆ ನಿಷೇಧವಿಲ್ಲ, ಒಳ್ಳೆಯ ಬಳಕೆಯೂ ಬೇಕಾದಷ್ಟಿದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆದ ಹಳೆಯ ಕನ್ನಡ ಪುಸ್ತಕಗಳಿಗೆ ಟೊರೆಂಟ್ ಕೊಂಡಿ ಇರುತ್ತದೆ. ಅಲ್ಲಿದೆ ಎಂದ ಮಾತ್ರಕ್ಕೆ ಹಕ್ಕು ಮುಗಿದಿದೆ ಎಂದಲ್ಲ. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಎಣಿಸಿ. ಅನುವಾದವಾಗಿದ್ದರೆ ಅನುವಾದಕರದನ್ನೂ ಬೇರೆಯಾಗಿ ಎಣಿಸಬೇಕು.