ಕಯಾಕ್‌ಗಿಂತ ಉದ್ದದ ನೆರಳು

ತುಮಕೂರಿನಿಂದ ಹೊರಟ ಹಳೆಯ 206ನೇ ರಾಷ್ಟ್ರೀಯ ಹೆದ್ದಾರಿ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ, ಘಟ್ಟ ಇಳಿದು ಹೊನ್ನಾವರದಲ್ಲಿ ಮುಗಿಯುತ್ತಿತ್ತು. ಈಗ ಹೆದ್ದಾರಿಯ ಸಂಖ್ಯೆ ಬದಲಾಗಿದೆ, ದಾರಿ ಬದಲಾಗಿಲ್ಲ. ತಿಪಟೂರಿನ ಹತ್ತಿರ, ಆ ರಸ್ತೆಗೆ ಕೂಗಳತೆಯಲ್ಲಿ ನಮ್ಮ ತೆಂಗಿನ ತೋಟ. ನಾನು ಹುಡುಗನಾಗಿದ್ದಾಗ ಅಪ್ಪ ಲಾರಿಗಳ ಕಡೆ ಕೈ ತೋರಿಸಿ, ‘ಎಲ್ಲೂ ತಿರುಗದೆ ಹೀಗೇ ಹೋದರೆ ಸಮುದ್ರ ಸಿಗುತ್ತದೆ’ ಎನ್ನುತ್ತಿದ್ದರು. ನಲವತ್ತು ದಾಟಿದ ಮೇಲೆ ಕಾರಿನ ನೆತ್ತಿಗೆ ಹದಿಮೂರು ಅಡಿಯ ಪ್ಲಾಸ್ಟಿಕ್ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಕಿರುದೋಣಿ, ಬಿಗಿದುಕೊಂಡು ಹಾಗೇ ಹೋದೆ. ಅಪ್ಪ ಹೇಳಿದ್ದು ನಿಜವಾಗಿತ್ತು.

ಕೊಬ್ಬರಿ ಬೆಳೆಯುವವನಿಗೆ ಕಯಾಕ್‌ನಲ್ಲಿ ಕುಳಿತು ಕಡಲ ಮೀನು ಹಿಡಿಯುವ ಈ ಚಟ ಹೇಗೆ ಅಂಟಿತು ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ. ಅಟ್ಟಕ್ಕೆ ಏರಿಸಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅದು ಒಳಗೊಳಗೇ ಒಣಗುತ್ತಿರುವಾಗ ಕೆಳಗೆ ಕುಳಿತು ಕಾಯುವವನು ಏನಾದರೂ ಮಾಡಬೇಕಲ್ಲ. ನಮ್ಮ ಮನೆಯಲ್ಲಿ ಮೀನು ತಿನ್ನುವವರು ನಾನು ಮತ್ತು ಬೆಕ್ಕು, ಇಬ್ಬರೇ. ಹಾಗಾಗಿ ಹಿಡಿದದ್ದರಲ್ಲಿ ಹೆಚ್ಚಿನದನ್ನು ಕರಾವಳಿಯಲ್ಲೇ ಕೊಟ್ಟು ಬರುತ್ತೇನೆ.

ಕಯಾಕ್ ನಡೆಸುವುದನ್ನು ಕಲಿತದ್ದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ. ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟು ಅದು. ಹೆಚ್ಚಾದ ನೀರನ್ನು ತಾನೇ ಹೊರಹಾಕುವ ಸೈಫನ್ ಇರುವುದರಿಂದ ಮಳೆಗಾಲದಲ್ಲಿ ನೋಡಲು ಜನ ಬರುತ್ತಾರೆ. ಮೀನಿನ ಟೆಂಡರ್ ಹಿಡಿದವರನ್ನು ಕೇಳಿಕೊಂಡು, ಹಿನ್ನೀರಿನ ಒಂದು ಮೂಲೆಯಲ್ಲಿ ಎರಡು ಬೇಸಿಗೆ ಅಭ್ಯಾಸ ಮಾಡಿದೆ. ಬೇಕೆಂದೇ ಮಗುಚಿ ಬೀಳುವುದು, ಕವುಚಿದ ಕಯಾಕನ್ನು ನೀರಿನಿಂದಲೇ ತಿರುಗಿಸುವುದು, ಹೊಟ್ಟೆಯ ಮೇಲೆ ಅಡ್ಡ ಮಲಗಿ ಹತ್ತುವುದು. ಹರಿಗೋಲಿನವರು ಕೆಲಸ ಬಿಟ್ಟು ನೋಡುತ್ತಿದ್ದರು. ಒಬ್ಬರು ಕೊನೆಗೆ ತಾಳಲಾರದೆ, ‘ಸ್ವಾಮಿ, ಬೀಳದೆ ಇರುವುದನ್ನು ಮೊದಲು ಕಲಿಯಿರಿ’ ಎಂದರು. ಬೀಳುವುದನ್ನು ಕಲಿತದ್ದೇ ಮುಂದೆ ಕೆಲಸಕ್ಕೆ ಬಂದದ್ದು. ಜೊತೆಗೆ ಕೆರೆ ನನಗೆ ಒಂದು ಕೆಟ್ಟ ಅಭ್ಯಾಸವನ್ನೂ ಕಲಿಸಿತ್ತು. ಹಿಡಿದ ಜಿಲೇಬಿ, ಕಾಟ್ಲಾ ಮೀನುಗಳನ್ನು ಬಲೆಯ ಚೀಲಕ್ಕೆ ಹಾಕಿ ಪಕ್ಕದಲ್ಲೇ ನೀರಿಗೆ ಇಳಿಬಿಡುತ್ತಿದ್ದೆ. ಸಂಜೆಯವರೆಗೂ ಮೀನು ಜೀವಂತವಾಗಿರುತ್ತಿತ್ತು. ಕೆರೆಯಲ್ಲಿ ಆ ಚೀಲದ ಮೇಲೆ ಕಣ್ಣಿಡುವಂಥದ್ದು ಆಮೆ ಬಿಟ್ಟರೆ ಬೇರೇನೂ ಇಲ್ಲ.

ಹೊನ್ನಾವರದಲ್ಲಿ ಶರಾವತಿಯ ಅಳಿವೆಯಿಂದ ನಾನು ಎಂದೂ ಹೊರಡುವುದಿಲ್ಲ. ಮರಳು ದಿಬ್ಬಗಳ ಮೇಲೆ ಅಲೆ ಅಡ್ಡಾದಿಡ್ಡಿ ಒಡೆಯುತ್ತದೆ, ದೊಡ್ಡ ದೋಣಿಗಳನ್ನೇ ಮಗುಚಿದ ಜಾಗ. ಹೊನ್ನಾವರದ ಪಕ್ಕದ ಕಾಸರಕೋಡಿನಿಂದ ದಕ್ಷಿಣಕ್ಕೆ, ಮೀನುಗಾರರು ಪಾತಿ ದೋಣಿ ಇಳಿಸುವ ಕಡೆಯಿಂದ ನಸುಕಿನಲ್ಲೇ ಹೊರಡುತ್ತೇನೆ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ಎಣ್ಣೆಯಂತೆ ಮಲಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ಬೀಸಲು ಶುರುವಾಗುತ್ತದೆ. ಅಷ್ಟರಲ್ಲಿ ದಡದಲ್ಲಿರಬೇಕು. ಬಸವರಾಜದುರ್ಗ ದ್ವೀಪದ ಕೋಟೆ ಗೋಡೆ ಕಣ್ಣಿಗೆ ಬೀಳುತ್ತಿರಬೇಕು, ದಡದ ತೆಂಗುಗಳನ್ನು ಬಿಡಿಬಿಡಿಯಾಗಿ ಗುರುತಿಸಲು ಆಗಬೇಕು. ತಿಪಟೂರಿನವನ ದೂರಮಾಪಕ ಇದು: ತೆಂಗುಗಳೆಲ್ಲ ಕಲೆತು ಒಂದೇ ಹಸಿರು ಗೆರೆಯಾದರೆ ಹೆಚ್ಚು ದೂರ ಬಂದಿದ್ದೇನೆ ಎಂದರ್ಥ.

ಮೊದಲ ಶಾರ್ಕ್ ಕಂಡದ್ದು ಮೂರನೆಯ ವರ್ಷದ ಜನವರಿಯಲ್ಲಿ. ಬಂಗಡೆಗಾಗಿ ಸಣ್ಣ ಗಾಳಗಳ ಸಾಲನ್ನು ಇಳಿಬಿಟ್ಟು ಕುಳಿತಿದ್ದೆ. ಕಯಾಕ್ ಕೆಳಗಿನ ನೀರು ಇದ್ದಕ್ಕಿದ್ದಂತೆ ಕಪ್ಪಾಯಿತು. ಮೋಡ ಬಂತೇನೋ ಎಂದು ಮೇಲೆ ನೋಡಿದೆ, ಆಕಾಶ ತೊಳೆದಿಟ್ಟಂತಿತ್ತು. ಆ ಕಪ್ಪು ನಿಧಾನವಾಗಿ ಸರಿಯುತ್ತಾ ಹೋಯಿತು, ಎಷ್ಟು ಸರಿದರೂ ಮುಗಿಯಲಿಲ್ಲ. ಕಯಾಕ್‌ನ ಎರಡೂ ತುದಿಗಳ ಆಚೆಗೆ ಅದು ಚಾಚಿಕೊಂಡಿತ್ತು. ಇಪ್ಪತ್ತು ಅಡಿಗೆ ಕಡಿಮೆಯಂತೂ ಇರಲಿಲ್ಲ. ಹುಟ್ಟು ತೊಡೆಯ ಮೇಲಿತ್ತು, ಅದನ್ನು ಎತ್ತುವ ಯೋಚನೆಯೂ ಬರಲಿಲ್ಲ. ಮನೆದೇವರ ಹೆಸರು ಅರ್ಧಕ್ಕೇ ನಿಂತಿತು. ಆಮೇಲೆ ಬೆನ್ನಿನ ಮೇಲಿನ ಬಿಳಿ ಚುಕ್ಕೆಗಳು ಕಂಡವು. ಯಾರೋ ಕಪ್ಪು ನೆಲದ ಮೇಲೆ ರಂಗೋಲಿಯ ಚುಕ್ಕಿಗಳನ್ನಷ್ಟೇ ಇಟ್ಟು, ಗೆರೆ ಎಳೆಯುವುದನ್ನು ಮರೆತಂತೆ.

ತಿಮಿಂಗಿಲ ಶಾರ್ಕ್. ಜಗತ್ತಿನ ಅತಿ ದೊಡ್ಡ ಮೀನು. ನೀರನ್ನು ಸೋಸಿ ಪ್ಲಾಂಕ್ಟನ್ ಎಂಬ ತೇಲುವ ಸೂಕ್ಷ್ಮಜೀವಿಗಳು, ಸಣ್ಣ ಮೀನು, ಮೀನಿನ ಮೊಟ್ಟೆ ತಿನ್ನುವ ಪ್ರಾಣಿ, ನನ್ನಂಥವನು ಅದಕ್ಕೆ ಯಾವ ಪ್ರಯೋಜನಕ್ಕೂ ಬಾರದವನು. ಹಿಂದೆ ಗುಜರಾತಿನ ಕಡಲಲ್ಲಿ ಇವುಗಳನ್ನು ಕೊಂದು, ಪಿತ್ತಜನಕಾಂಗದ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿತು. ಹುಲಿ ಇರುವ ಪಟ್ಟಿಯೇ ಅದು. ಹಾಗಾಗಿ ಅದನ್ನು ಮುಟ್ಟುವುದಾಗಲಿ, ಹಿಂಬಾಲಿಸುವುದಾಗಲಿ ಮಾಡಬಾರದು. ಆಗ ನನಗೆ ಇದೆಲ್ಲ ನೆನಪಾಯಿತು ಎಂದರೆ ಸುಳ್ಳಾಗುತ್ತದೆ. ಗಾಳದ ಸಾಲು ಅದರ ರೆಕ್ಕೆಗೆ ಸಿಕ್ಕೀತು ಎಂಬ ಒಂದೇ ಭಯದಿಂದ ಬೇಗಬೇಗ ಸುತ್ತಿಕೊಂಡೆ. ಬಾಲ ಒಮ್ಮೆ ಅಡ್ಡ ಬೀಸಿತು, ಕಯಾಕ್ ತೊಟ್ಟಿಲಿನಂತೆ ತೂಗಿತು, ಅಷ್ಟೇ.

ದಡಕ್ಕೆ ಬಂದು ಹೇಳಿದಾಗ ಮೀನುಗಾರ ಖಾರ್ವಿ ಸಮುದಾಯದ ಹಿರಿಯರೊಬ್ಬರು ಬಲೆ ಹೊಲಿಯುವುದನ್ನು ನಿಲ್ಲಿಸದೆಯೇ, ‘ಅದು ಸಾಧು. ಬೇರೆ ಮೋರಿ ಬಂದಾಗ ಹುಷಾರಾಗಿರು’ ಎಂದರು. ಕೊಂಕಣಿಯಲ್ಲಿ ಶಾರ್ಕ್ ಎಂದರೆ ಮೋರಿ. ನಮ್ಮ ಕಡೆ ಮೋರಿ ಎಂದರೆ ಚರಂಡಿ. ತಿಪಟೂರಿಗೆ ಬಂದು ‘ಮೋರಿಯಿಂದ ಸ್ವಲ್ಪದರಲ್ಲಿ ಪಾರಾದೆ’ ಎಂದು ಹೇಳಿ, ನಾನು ಕುಡಿದಿದ್ದೆ ಎಂಬ ಸುದ್ದಿ ಹಬ್ಬಿಸಿಕೊಂಡೆ. ಮಂಗಳೂರು ಕಡೆಯ ತುಳುವರು ತಾಟೆ ಎನ್ನುತ್ತಾರೆ, ಅದನ್ನೇ ಬಳಸಿದ್ದರೆ ಮಾನ ಉಳಿಯುತ್ತಿತ್ತು.

ಹಿರಿಯರು ಹೇಳಿದ ‘ಬೇರೆ ಮೋರಿ’ ಬಂದದ್ದು ಮುಂದಿನ ನವೆಂಬರ್‌ನಲ್ಲಿ. ಅಂದು ಮೀನು ಚೆನ್ನಾಗಿ ಸಿಕ್ಕಿತ್ತು. ಇಪ್ಪತ್ತಕ್ಕೂ ಹೆಚ್ಚು ಬಂಗಡೆ ಬಲೆಯ ಚೀಲದಲ್ಲಿ, ಚೀಲ ಬಲಗಡೆ ನೀರಿನಲ್ಲಿ, ಮಾರ್ಕೋನಹಳ್ಳಿಯಲ್ಲಿ ಬಿಡುತ್ತಿದ್ದಂತೆಯೇ. ಇಸ್ವಾಣ ಎಂಬ ದೊಡ್ಡ ಮೀನಿಗೆಂದು ಹಿಂದೆ ಎಳೆಯುತ್ತಿದ್ದ ಗಾಳವನ್ನು ಮೀನೊಂದು ಕಚ್ಚಿತು. ಇಸ್ವಾಣದ ಹಲ್ಲು ದಾರವನ್ನು ಕತ್ತರಿಸುತ್ತದೆ ಎಂದು ಗಾಳದ ಮೇಲ್ಭಾಗಕ್ಕೆ ಉಕ್ಕಿನ ತಂತಿ ಕಟ್ಟಿದ್ದೆ. ಮೀನು ಎರಡು ಸಲ ಓಡಿತು. ಮೂರನೆಯ ಸಲ ಓಡಲಿಲ್ಲ, ಕೋಲು ಒಮ್ಮೆ ಬಾಗಿ ಆಮೇಲೆ ಹಗುರವಾಯಿತು. ತಪ್ಪಿಸಿಕೊಂಡಿತು ಎಂದುಕೊಂಡು ಸುತ್ತಿದರೆ ತಲೆಯೊಂದೇ ಬಂತು. ಕಿವಿರಿನ ಹಿಂದೆ ಕುಡುಗೋಲಿನಿಂದ ಕೊಯ್ದಂತೆ ನುಣುಪಾಗಿ ತುಂಡಾಗಿತ್ತು, ಬಾಯಿ ಇನ್ನೂ ಆಡುತ್ತಿತ್ತು.

ತಲೆಯ ಹಿಂದೆಯೇ ಅದು ಬಂತು. ಯಾವ ಜಾತಿ ಎಂದು ಅನುಮಾನ ಪಡುವ ಅಗತ್ಯವೇ ಇರಲಿಲ್ಲ. ಸುತ್ತಿಗೆಯಂತೆ ಎರಡೂ ಕಡೆ ಚಾಚಿದ ತಲೆ, ತುದಿಗಳಲ್ಲಿ ಕಣ್ಣು: ಹ್ಯಾಮರ್‌ಹೆಡ್ ಶಾರ್ಕ್. ಕಯಾಕ್‌ನ ಮುಕ್ಕಾಲು ಭಾಗದಷ್ಟು ಉದ್ದವಿತ್ತು. ನೆಲಬಾಂಬು ಹುಡುಕುವವರು ಯಂತ್ರವನ್ನು ಅತ್ತಿತ್ತ ಆಡಿಸುವಂತೆ ತಲೆಯನ್ನು ಆಡಿಸುತ್ತಾ ಬಂದು ಒಂದು ಸುತ್ತು ಹಾಕಿತು. ಶಾರ್ಕ್‌ಗಳ ಮೂತಿಯಲ್ಲಿ ಲೋಳೆ ತುಂಬಿದ ಸಣ್ಣ ರಂಧ್ರಗಳಿರುತ್ತವೆ. 1678ರಲ್ಲೇ ಇಟಲಿಯ ಸ್ಟೆಫಾನೊ ಲೊರೆಂಜಿನಿ ಅವುಗಳನ್ನು ವಿವರಿಸಿದ್ದ. ಬೇರೆ ಜೀವಿಗಳ ಮೈಯಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತನ್ನು ಅವು ಗ್ರಹಿಸುತ್ತವೆ ಎಂದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಈ ಜಾತಿಯಲ್ಲಿ ಆ ರಂಧ್ರಗಳು ಅಗಲವಾದ ತಲೆಯ ಉದ್ದಕ್ಕೂ ಹರಡಿಕೊಂಡಿವೆ. ಒದ್ದಾಡುವ ಮೀನಿನ ಕಂಪನವೂ ಅದಕ್ಕೆ ದೂರದಿಂದಲೇ ತಿಳಿಯುತ್ತದೆ. ನಾನೋ, ಇಪ್ಪತ್ತು ಬಂಗಡೆ ಒದ್ದಾಡುವ ಚೀಲವನ್ನು ಮೊಣಕಾಲಿನ ಪಕ್ಕದಲ್ಲೇ ನೇತುಹಾಕಿಕೊಂಡು ಗಂಟೆಗಟ್ಟಲೆ ಡಂಗುರ ಸಾರಿದ್ದೆ.

ಆಗ ಚೀಲದ ಹಗ್ಗ ಕತ್ತರಿಸಿಬಿಡಬೇಕಿತ್ತು. ಕತ್ತರಿಸಲಿಲ್ಲ. ಬಂಗಡೆಯ ಲೆಕ್ಕ ತಲೆಯಲ್ಲಿತ್ತು, ಕೊಬ್ಬರಿ ವ್ಯಾಪಾರದ ಬುದ್ಧಿ ಎಲ್ಲಿಗೆ ಹೋದೀತು? ಚೀಲವನ್ನು ಮೇಲೆಳೆಯೋಣವೆಂದು ಬಲಗಡೆಗೆ ಬಾಗಿದೆ. ನನ್ನ ತೂಕ ಬಲಗಡೆ ಇರುವ ಆ ಕ್ಷಣದಲ್ಲೇ ಅದು ಕಚ್ಚಿ ಜಗ್ಗಿತು. ಬಲ ಅಂಚು ನೀರಿನೊಳಗೆ ಹೋಯಿತು. ಯೋಚಿಸಿ ಮಾಡಿದ್ದು ಏನೂ ಇಲ್ಲ. ಕೈ ತಾನಾಗಿ ಹುಟ್ಟಿನ ಅಲಗನ್ನು ಬಲಗಡೆ ನೀರಿನ ಮೇಲೆ ಚಪ್ಪಟೆಯಾಗಿ ಬಡಿಯಿತು, ಸೊಂಟ ಎಡಕ್ಕೆ ತಿರುಗಿತು, ಕಯಾಕ್ ನೆಟ್ಟಗಾಯಿತು. ಹರಿಗೋಲಿನವರನ್ನು ನಗಿಸುತ್ತಾ ಎರಡು ಬೇಸಿಗೆ ಮಾಡಿದ್ದು ಅದನ್ನೇ. ಚೀಲ ಹರಿದು ಬಂಗಡೆಗಳು ಬೆಳ್ಳಿ ನಾಣ್ಯ ಚೆಲ್ಲಿದಂತೆ ಕೆಳಗಿಳಿದವು, ಅವುಗಳ ಹಿಂದೆ ಅದೂ ಇಳಿಯಿತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಕ್ಷಣ ಅವಮಾನವಾದಂತೆಯೂ ಆಯಿತು.

ಕಾಲು ಎರಡನ್ನೂ ಒಳಗೆ ಎಳೆದುಕೊಂಡು ಸ್ವಲ್ಪ ಹೊತ್ತು ಅಲುಗಾಡದೆ ಕುಳಿತೆ. ಆಮೇಲೆ ನೀರು ಬಡಿಯದಂತೆ, ಉದ್ದ ಉದ್ದ ಹುಟ್ಟು ಹಾಕುತ್ತಾ ದಡದ ಕಡೆ ಹೊರಟೆ. ಕೈ ನಡುಗಲು ಶುರುವಾದದ್ದು ಮರಳಿಗೆ ಕಯಾಕ್ ತಾಗಿದ ಮೇಲೆ.

ಆ ದಿನದ ನಂತರ ಹಿಡಿದ ಮೀನು ಐಸ್ ತುಂಬಿದ ಮುಚ್ಚಿದ ಚೀಲಕ್ಕೆ, ಕಯಾಕ್‌ನ ಮೇಲೆ. ಮೀನನ್ನು ಕೊಯ್ದು ತೊಳೆಯುವುದು ದಡದಲ್ಲಿ. ರಕ್ತದ ನೀರನ್ನು ಕೂಡ ಕುಳಿತಲ್ಲೇ ಚೆಲ್ಲುವುದಿಲ್ಲ. ಚಾಕು ಲೈಫ್ ಜಾಕೆಟ್‌ನ ಎದೆಯ ಮೇಲೆ, ಎರಡೂ ಕೈಗೆ ಎಟಕುವಂತೆ. ಮೊದಲು ಅದು ಹಿಂದಿನ ಡಬ್ಬಿಯಲ್ಲಿ ಇರುತ್ತಿತ್ತು. ಡಬ್ಬಿಯಲ್ಲಿರುವ ಚಾಕು ಹಣ್ಣು ಕತ್ತರಿಸಲು ಸರಿ. ನೀರು ಹೋಗದ ಚೀಲದಲ್ಲಿ ಮೊಬೈಲ್, ಅದರಲ್ಲಿ ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554. ಒಂದು ತಲೆ ತುಂಡಾಗಿ ಬಂದರೆ ಆ ಜಾಗದಲ್ಲಿ ಮತ್ತೆ ಗಾಳ ಹಾಕುವುದಿಲ್ಲ. ಹೊಸಬರು ಇದನ್ನು ಕೇಳುವುದಿಲ್ಲ, ಇನ್ನೊಂದು ಹಾಕಿ ನೋಡೋಣ ಎನ್ನುತ್ತಾರೆ. ಒಂದು ಸಲ ಊಟ ಸಿಕ್ಕ ಮನೆಯ ಬಾಗಿಲಲ್ಲಿ ಬೆಕ್ಕು ನಿಂತಿರುತ್ತದೆ ಎಂದು ಅವರಿಗೆ ಹೇಳುತ್ತೇನೆ.

ಕಳೆದ ಸಲ ಹೋದಾಗ ದಾರಕ್ಕೆ ಏನೋ ಸಿಕ್ಕಿ, ಕಯಾಕನ್ನೇ ಹಿಮ್ಮುಖವಾಗಿ ಕಡಲಿನ ಕಡೆ ಎಳೆಯತೊಡಗಿತು. ತೆಂಗುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಚಾಕು ತೆಗೆದು ದಾರ ಕತ್ತರಿಸಿದೆ. ಏನೆಂದು ನೋಡಲಿಲ್ಲ. ಗಾಳಕ್ಕೆ ಕಟ್ಟಿದ್ದ ಒಂಬೈನೂರು ರೂಪಾಯಿಯ ಹುಸಿ ಮೀನು ಹೋಯಿತು.

ಊರಿನಲ್ಲಿ ಈ ಕಥೆ ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಮೊಬೈಲ್‌ನಲ್ಲಿ ಓದಿದ್ದನ್ನು ಎತ್ತುತ್ತಾರೆ: ಶಾರ್ಕ್‌ಗಿಂತ ತೆಂಗಿನಕಾಯಿ ತಲೆಗೆ ಬಿದ್ದು ಸಾಯುವವರೇ ಹೆಚ್ಚು, ವರ್ಷಕ್ಕೆ 150 ಜನ. ತೆಂಗಿನ ನಾಡಿನವನಿಗೆ ಇದನ್ನು ಕೇಳಿ ಸುಮ್ಮನಿರಲು ಆಗುವುದಿಲ್ಲ. ಆ 150ಕ್ಕೆ ಯಾವ ಆಧಾರವೂ ಇಲ್ಲ. ಪಪುವಾ ನ್ಯೂ ಗಿನಿಯ ಒಂದು ಆಸ್ಪತ್ರೆಯಲ್ಲಿ ಕಾಯಿ ಬಿದ್ದು ಗಾಯಗೊಂಡವರ ಬಗ್ಗೆ ಪೀಟರ್ ಬಾರ್ಸ್ ಎಂಬ ವೈದ್ಯರು 1984ರಲ್ಲಿ ಬರೆದಿದ್ದರು. ಗಾಯಗೊಂಡು ದಾಖಲಾದವರಲ್ಲಿ ಶೇಕಡಾ 2.5ರಷ್ಟು ಮಂದಿ ಅಂಥವರು. ಜಗತ್ತಿನ ಸಾವಿನ ಲೆಕ್ಕ ಅದರಲ್ಲಿ ಇಲ್ಲ. ತೆಂಗಿನಕಾಯಿಗೆ ಮೂರು ಕಣ್ಣು, ನೋಡಿಕೊಂಡೇ ಬೀಳುತ್ತದೆ ಎನ್ನುವುದು ನಮ್ಮ ಕಡೆಯ ಮಾತು. ನಾನು ಅದನ್ನೂ ಪೂರ್ತಿ ನಂಬುವುದಿಲ್ಲ, ಗಾಳಿ ಬೀಸುವಾಗ ಮರದ ಕೆಳಗೆ ಕೂರುವುದಿಲ್ಲ. ಇನ್ನು ಶಾರ್ಕ್ ಕಡಿತದ ಲೆಕ್ಕವನ್ನು ಫ್ಲಾರಿಡಾದ ವಸ್ತುಸಂಗ್ರಹಾಲಯವೊಂದು ಇಡುತ್ತದೆ. 2023ರಲ್ಲಿ ಜಗತ್ತಿನಾದ್ಯಂತ ಯಾರೂ ಕೆಣಕದೆ ನಡೆದ ಕಡಿತಗಳು 69. ಶಾರ್ಕ್‌ಗೆ ತಿನ್ನಿಸಲು ಹೋದವರು, ಗಾಳದಿಂದ ಬಿಡಿಸಲು ಹೋಗಿ ಕಚ್ಚಿಸಿಕೊಂಡವರು ಈ 69ರಲ್ಲಿ ಸೇರುವುದಿಲ್ಲ, ಕೆಣಕಿದವರ ಪಟ್ಟಿ ಬೇರೆ ಇದೆ. ಬಂಗಡೆ ಚೀಲ ಇಳಿಬಿಟ್ಟು ಕುಳಿತವನು ಯಾವ ಪಟ್ಟಿಗೆ ಸೇರಬೇಕಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆ ಚೀಲವನ್ನು ನಾನು ಎಸೆದಿಲ್ಲ. ಹರಿದ ಕಡೆ ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದೇನೆ. ಬೇಸಿಗೆಯಲ್ಲಿ ತೋಟಕ್ಕೆ ನೆಂಟರು ಬಂದಾಗ ಎಳನೀರುಗಳನ್ನು ಅದರಲ್ಲಿ ತುಂಬಿ ತಣ್ಣಗಾಗಲೆಂದು ತೊಟ್ಟಿಯ ನೀರಿಗೆ ಇಳಿಬಿಡುತ್ತೇವೆ.