ಫ್ರೀ ಟು ಏರ್ ಡಿಶ್ ನೀವೇ ಕೂರಿಸೋದು ಹೇಗೆ: ಸ್ಟ್ರೆಂತ್ ಬಿಡಿ, ಕ್ವಾಲಿಟಿ ನೋಡಿ

ಫ್ರೀ ಟು ಏರ್ ರಿಸೀವರ್ ತಂದು ತಿಂಗಳಾದ್ರೂ ಡಬ್ಬಿಯಲ್ಲೇ ಇಟ್ಟಿರೋರು ತುಂಬಾ ಜನ ಇದಾರೆ, ಡಿಶ್ ಕೂರಿಸೋದು ತಮ್ಮ ಕೈಲಾಗಲ್ಲ ಅಂತ. ಖಂಡಿತ ಆಗತ್ತೆ. ತಾಳ್ಮೆ ಒಂದಿದ್ರೆ ಅರ್ಧ ದಿನದ ಕೆಲಸ, ಆಮೇಲೆ ತಿಂಗಳಿಗಿಷ್ಟು ಅಂತ ಕಟ್ಟೋದೇನೂ ಇಲ್ಲ, ರೀಚಾರ್ಜ್ ಇಲ್ಲ, ಲಾಕ್ ಹಾಕದೆ ಬಿಟ್ಟಿರೋ ಚಾನಲ್ ಎಲ್ಲಾ ನಿಮ್ಮ ಟಿವಿಗೆ ಬರತ್ತೆ.

ಮೊದ್ಲು ಒಂದು ವಿಷಯ ತಲೇಲಿಟ್ಕೊಳ್ಳಿ. ಟಿವಿ ಸ್ಯಾಟಲೈಟ್‌ಗಳು ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿರತ್ವೆ, ಭೂಮಿ ತಿರುಗೋ ವೇಗಕ್ಕೆ ಸರಿಯಾಗಿ ಅವೂ ತಿರುಗೋದ್ರಿಂದ ನಮಗೆ ಒಂದೇ ಕಡೆ ನಿಂತ ಹಾಗೆ ಕಾಣತ್ತೆ, ಅದಕ್ಕೇ ಡಿಶ್ ಒಂದ್ಸಲ ಕೂತ್ರೆ ಮತ್ತೆ ತಿರುಗಿಸ್ಬೇಕಾಗಿಲ್ಲ. ಭೂಮಧ್ಯರೇಖೆಯಿಂದ ಉತ್ತರಕ್ಕಿರೋರ ಡಿಶ್ ದಕ್ಷಿಣದ ಕಡೆ ನೋಡತ್ತೆ, ದಕ್ಷಿಣಕ್ಕಿರೋರದ್ದು ಉತ್ತರದ ಕಡೆ, ಸ್ಯಾಟಲೈಟ್ ಎಷ್ಟನೇ ಡಿಗ್ರಿಯಲ್ಲಿದೆ ಅನ್ನೋದ್ರ ಮೇಲೆ ಸ್ವಲ್ಪ ಪೂರ್ವಕ್ಕೋ ಪಶ್ಚಿಮಕ್ಕೋ ವಾಲಿರತ್ತೆ. ನಿಮ್ಮ ಜಾಗಕ್ಕೆ ಸರಿಯಾದ ದಿಕ್ಕು, ಎತ್ತರದ ಕೋನ, ಎಲ್‌ಎನ್‌ಬಿ (ಡಿಶ್ ಮುಂದೆ ಕೈಯ ತುದಿಯಲ್ಲಿ ಸಿಗ್ನಲ್ ಹಿಡಿಯೋ ಸಣ್ಣ ಡಬ್ಬಿ) ಎಷ್ಟು ತಿರುಗಿರ್ಬೇಕು ಅನ್ನೋದು, ಈ ಮೂರೂ ಫೋನ್‌ನಲ್ಲಿ ಸ್ಯಾಟಲೈಟ್ ಫೈಂಡರ್ ಆಪ್ ಹಾಕ್ಕೊಂಡ್ರೆ ಸಿಗತ್ತೆ. ಫೋನಿನ ದಿಕ್ಸೂಚಿಯನ್ನ ಡಿಶ್ ಪಕ್ಕದಲ್ಲಿ ಹಿಡೀಬೇಡಿ, ಕಬ್ಬಿಣ ಹತ್ರ ಇದ್ರೆ ಅದು ಸುಳ್ಳು ಹೇಳತ್ತೆ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಆ ದಿಕ್ಕಲ್ಲಿ ಮರ, ಗೋಡೆ, ನೀರಿನ ಟ್ಯಾಂಕು ಏನೂ ಅಡ್ಡ ಇರಬಾರದು, ಎಲೆ ಅಡ್ಡ ಬಂದ್ರೂ ಸಿಗ್ನಲ್ ಹೋಗತ್ತೆ.

ಕಂಬ ನೆಟ್ಟಗಿರ್ಬೇಕು. ಇದನ್ನ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ, ಆಮೇಲೆ ಒದ್ದಾಡ್ತಾರೆ. ರಸಮಟ್ಟ ಇಟ್ಟು ಎರಡು ಕಡೆಯಿಂದ ನೋಡಿ, ಕಂಬ ವಾಲಿದ್ರೆ ಬ್ರ್ಯಾಕೆಟ್ ಮೇಲಿರೋ ಡಿಗ್ರಿ ಗುರುತೆಲ್ಲಾ ತಪ್ಪೇ. ಇನ್ನೊಂದು, ಸಾಮಾನ್ಯವಾಗಿ ಮನೆಗೆ ಹಾಕೋ ಸಣ್ಣ ಡಿಶ್ ಆಫ್‌ಸೆಟ್ ಡಿಶ್ಶು, ಅದು ನೆಟ್ಟಗೆ ಗೋಡೆ ನೋಡ್ತಾ ನಿಂತ ಹಾಗೆ ಕಂಡ್ರೂ ನಿಜವಾಗ್ಲೂ ಇಪ್ಪತ್ತು ಡಿಗ್ರಿಗಿಂತ ಮೇಲಕ್ಕೇ ನೋಡ್ತಿರತ್ತೆ, ಆದ್ರಿಂದ ಕಣ್ಣಂದಾಜಲ್ಲಿ ಆಕಾಶಕ್ಕೆ ಎತ್ತಬೇಡಿ, ಬ್ರ್ಯಾಕೆಟ್ ಮೇಲಿನ ಸ್ಕೇಲ್ ನೋಡಿ ಇಡಿ.

ಕೇಬಲ್ ಆರ್‌ಜಿ 6 ಇರಲಿ, ತುಂಡು ತುಂಡು ಸೇರಿಸಬೇಡಿ. ಕೇಬಲ್ ತುದಿಗೆ ಎಫ್ ಕನೆಕ್ಟರ್ (ತಿರುಪಿ ಕೂರಿಸೋ ಪಿನ್ನು) ಹಾಕುವಾಗ ಹೊರಗಿನ ಜಾಲರಿಯ ಒಂದು ಎಳೆ ಕೂಡ ಮಧ್ಯದ ತಾಮ್ರದ ತಂತಿಗೆ ತಾಗಬಾರದು, ತಾಗಿದ್ರೆ ಶಾರ್ಟ್. ಕನೆಕ್ಟರ್ ಹಾಕುವಾಗ ತೆಗೆಯುವಾಗ ರಿಸೀವರ್‌ನ ಪ್ಲಗ್ಗೇ ಕಿತ್ತಿಡಿ, ಯಾಕಂದ್ರೆ ಅದೇ ಕೇಬಲ್‌ನಲ್ಲಿ ಎಲ್‌ಎನ್‌ಬಿಗೆ ಕರೆಂಟ್ ಹೋಗತ್ತೆ: ಅಲೆ ನೆಟ್ಟಗೆ ಬರೋ ವರ್ಟಿಕಲ್ ಸಿಗ್ನಲ್‌ಗೆ 13 ವೋಲ್ಟು, ಅಡ್ಡಕ್ಕೆ ಬರೋ ಹಾರಿಜಾಂಟಲ್‌ಗೆ 18 ವೋಲ್ಟು. ಈ ಎರಡು ನಂಬರ್ ನೆನಪಿಟ್ಕೊಳ್ಳಿ, ಮುಂದೆ ಕೆಲಸಕ್ಕೆ ಬರತ್ತೆ.

ಇನ್ನು ರಿಸೀವರ್ ಸೆಟ್ಟಿಂಗು. ಎಲ್‌ಎನ್‌ಬಿ ಟೈಪ್ ಯೂನಿವರ್ಸಲ್, ಅಂದ್ರೆ 9750/10600, 22ಕೆ (ಎಲ್‌ಎನ್‌ಬಿಯನ್ನ ಮೇಲಿನ ಫ್ರೀಕ್ವೆನ್ಸಿಗಳಿಗೆ ಬದಲಾಯಿಸೋ ಟೋನ್) ಆಟೋ, ಒಂದೇ ಎಲ್‌ಎನ್‌ಬಿ ಇದ್ರೆ ಡೈಸೆಕ್ (ಹಲವು ಎಲ್‌ಎನ್‌ಬಿಗಳಲ್ಲಿ ಒಂದನ್ನ ಆರಿಸೋ ಸ್ವಿಚ್) ಆಫ್, ಎಲ್‌ಎನ್‌ಬಿ ಪವರ್ ಆನ್. ಇದು ಮನೆಗೆ ಹಾಕೋ ಸಣ್ಣ ಕೆಯು ಬ್ಯಾಂಡ್ ಡಿಶ್‌ಗೆ, ದೊಡ್ಡ ಸಿ ಬ್ಯಾಂಡ್ ಡಿಶ್ ಆದ್ರೆ ಸಾಮಾನ್ಯವಾಗಿ 5150 ಹಾಕ್ಬೇಕು. ಆಮೇಲೆ ನಿಮ್ಮ ಸ್ಯಾಟಲೈಟ್‌ನ ಒಂದು ಗಟ್ಟಿ ಟ್ರಾನ್ಸ್‌ಪಾಂಡರ್ (ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಚಾನಲ್ ಕಳಿಸೋ ಭಾಗ) ಆರಿಸಿ, ಫ್ರೀಕ್ವೆನ್ಸಿ, ಪೋಲರೈಸೇಷನ್ (ವರ್ಟಿಕಲ್ಲೋ ಹಾರಿಜಾಂಟಲ್ಲೋ), ಸಿಂಬಲ್ ರೇಟ್ (ಡೇಟಾ ಬರೋ ವೇಗ) ಮೂರೂ ಇವತ್ತಿಗೆ ಸರಿಯಾಗಿವೆಯಾ ಅಂತ ಒಂದ್ಸಲ ಹೊಸ ಪಟ್ಟಿ ಜೊತೆ ಹೋಲಿಸಿ ನೋಡಿ. ರಿಸೀವರ್ ಒಳಗೆ ಮೊದ್ಲೇ ತುಂಬಿರೋ ಪಟ್ಟಿ ಹಳೇದಾಗಿರತ್ತೆ, ಸತ್ತುಹೋದ ಫ್ರೀಕ್ವೆನ್ಸಿ ಇಟ್ಕೊಂಡು ಸಂಜೆ ತನಕ ಡಿಶ್ ತಿರುಗಿಸಿದ್ರೂ ಏನೂ ಬರಲ್ಲ.

ಈಗ ಮುಖ್ಯವಾದ ಮಾತು. ಸ್ಕ್ರೀನ್ ಮೇಲೆ ಸ್ಟ್ರೆಂತ್ ಅಂತ ಒಂದು, ಕ್ವಾಲಿಟಿ ಅಂತ ಒಂದು, ಎರಡು ಪಟ್ಟಿ ಕಾಣತ್ತೆ. ಸ್ಟ್ರೆಂತ್ ನಂಬಬೇಡಿ. ಎಲ್‌ಎನ್‌ಬಿಗೆ ಕರೆಂಟ್ ಸಿಕ್ಕಿದ್ರೆ ಸಾಕು, ಡಿಶ್ ಎತ್ತ ನೋಡ್ತಿದ್ರೂ ಅದು ಅರ್ಧಕ್ಕಿಂತ ಮೇಲೆ ತೋರಿಸಬಹುದು. ನಾನು ಮೊದಲನೇ ಸಲ ಕೂರಿಸಿದಾಗ ಆ ಪಟ್ಟಿ ಏರಿದ್ದು ನೋಡಿ ಬೋಲ್ಟ್ ಎಲ್ಲಾ ಬಿಗಿದು ಕೆಳಗಿಳಿದು ಬಂದೆ, ಒಂದು ಚಾನಲ್ ಕೂಡ ಬರಲಿಲ್ಲ. ಸ್ಯಾಟಲೈಟ್ ಸಿಕ್ಕಿದೆಯಾ ಇಲ್ವಾ ಅಂತ ಹೇಳೋದು ಕ್ವಾಲಿಟಿ ಒಂದೇ. ಅದು ಸೊನ್ನೆಯಲ್ಲೇ ಇರತ್ತೆ, ಇರತ್ತೆ, ಇದ್ದಕ್ಕಿದ್ದ ಹಾಗೆ ಮೇಲೇಳತ್ತೆ.

ಹಾಗಾಗಿ ನಿಧಾನವಾಗಿ ತಿರುಗಿಸ್ಬೇಕು, ಎಷ್ಟು ನಿಧಾನ ಅಂದ್ರೆ ಲೆಕ್ಕ ಹಾಕಿ ನೋಡಿ: 60 ಸೆಂಟಿಮೀಟರ್ ಡಿಶ್ ಕೆಯು ಬ್ಯಾಂಡ್‌ನಲ್ಲಿ ಆಕಾಶದ ಸುಮಾರು 3 ಡಿಗ್ರಿಯಷ್ಟು ಜಾಗ ಮಾತ್ರ ನೋಡತ್ತೆ, ಡಿಶ್‌ನ ಅಂಚು ಅರ್ಧ ಸೆಂಟಿಮೀಟರ್ ಜರುಗಿದ್ರೆ ಆಗ್ಲೇ 1 ಡಿಗ್ರಿ ಆಯ್ತು. ಜೊತೆಗೆ ರಿಸೀವರ್‌ಗೆ ಸಿಗ್ನಲ್ ಹಿಡಿಯೋಕೆ ಎರಡು ಮೂರು ಸೆಕೆಂಡ್ ಬೇಕು, ನೀವು ಸರ್ರಂತ ತಿರುಗಿಸಿದ್ರೆ ಸ್ಯಾಟಲೈಟ್ ದಾಟಿಹೋಗಿದ್ದು ನಿಮಗೂ ಗೊತ್ತಾಗಲ್ಲ ರಿಸೀವರ್‌ಗೂ ಗೊತ್ತಾಗಲ್ಲ. ಬೆರಳಗಲಕ್ಕಿಂತ ಕಮ್ಮಿ ಜರುಗಿಸಿ, ಐದು ಎಣಿಸಿ, ಮತ್ತೆ ಜರುಗಿಸಿ. ಆ ಕಡೆಯಿಂದ ಈ ಕಡೆ ಪೂರ್ತಿ ಹೋದ್ರೂ ಸಿಗಲಿಲ್ವಾ, ಎತ್ತರ 1 ಡಿಗ್ರಿ ಬದಲಾಯಿಸಿ ಇನ್ನೊಂದ್ಸಲ ಗುಡಿಸಿಕೊಂಡು ಬನ್ನಿ. ಮೇಲೆ ಒಬ್ರು ಕೆಳಗೆ ಒಬ್ರು ನಿಂತು ಬಂತಾ ಬಂತಾ ಅಂತ ಕೂಗಾಡೋದಕ್ಕಿಂತ ಟಿವಿ ಮುಂದೆ ಒಂದು ಫೋನ್ ಇಟ್ಟು ವಿಡಿಯೋ ಕಾಲ್ ಮಾಡ್ಕೊಳ್ಳಿ, ಮೇಲೆ ನಿಂತೇ ಪಟ್ಟಿ ಕಾಣತ್ತೆ. ಕ್ವಾಲಿಟಿ ಸಿಕ್ಕಿದ್ಮೇಲೆ ಎಡ ಬಲ, ಮೇಲೆ ಕೆಳಗೆ, ಕೊನೆಗೆ ಎಲ್‌ಎನ್‌ಬಿಯನ್ನ ಅದರ ಹಿಡಿಯಲ್ಲೇ ಸ್ವಲ್ಪ ತಿರುಗಿಸಿ, ಎಲ್ಲಿ ಜಾಸ್ತಿ ಬರತ್ತೋ ಅಲ್ಲಿ ನಿಲ್ಲಿಸಿ. ಬೋಲ್ಟ್ ಬಿಗಿಯುವಾಗಲೂ ಡಿಶ್ ಎಳೆಯತ್ತೆ, ಆದ್ರಿಂದ ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಗೀತಾ ಪಟ್ಟಿ ಮೇಲೆ ಕಣ್ಣಿಟ್ಟಿರಿ. ಮಾಳಿಗೆ ಅಂಚಲ್ಲಿ ಮಾತ್ರ ಹುಷಾರು, ಗಾಳಿ ಮಳೆ ಇದ್ದಾಗ ಹತ್ತಲೇಬೇಡಿ.

ಸ್ಕ್ಯಾನ್ ಮಾಡುವಾಗ ಬ್ಲೈಂಡ್ ಸ್ಕ್ಯಾನ್ (ಪಟ್ಟಿ ನೋಡದೆ ಎಲ್ಲಾ ಫ್ರೀಕ್ವೆನ್ಸಿ ತಾನೇ ಹುಡುಕೋದು) ಇದ್ರೆ ಅದನ್ನೇ ಕೊಡಿ, ಫ್ರೀ ಚಾನಲ್ ಮಾತ್ರ ಅನ್ನೋ ಆಯ್ಕೆ ಇಡಿ, ಇಲ್ಲಾಂದ್ರೆ ಲಾಕ್ ಆಗಿರೋ ನೂರಾರು ಚಾನಲ್ ಪಟ್ಟಿಯಲ್ಲಿ ತುಂಬ್ಕೊಂಡು ಬಿಡತ್ತೆ. ಸೌಂಡ್ ಬಂದು ಚಿತ್ರ ಬರದಿದ್ರೆ ನಿಮ್ಮ ಬಾಕ್ಸ್ ಬರೀ ಹಳೇ ವಿಡಿಯೋ ವಿಧಾನ ಎಂಪೆಗ್ 2ರದ್ದು, ಚಾನಲ್ ಹೊಸ ಎಂಪೆಗ್ 4ರದ್ದು ಇರಬಹುದು, ಡಿಶ್ ಮುಟ್ಟಬೇಡಿ. ಹೊಸ ಪ್ರಸಾರ ವಿಧಾನ ಡಿವಿಬಿ ಎಸ್2ನಲ್ಲಿ ಬರೋ ಟ್ರಾನ್ಸ್‌ಪಾಂಡರ್ ಹಳೇ ಡಿವಿಬಿ ಎಸ್ ಬಾಕ್ಸ್‌ಗೆ ಸಿಗೋದೇ ಇಲ್ಲ.

ಮುಂದೆ ಯಾವತ್ತೋ ಚಾನಲ್ ಹೋದ್ರೆ, ದಯವಿಟ್ಟು ಮೊದಲು ಪಾನಾ ಹಿಡ್ಕೊಂಡು ಮೇಲೆ ಹತ್ತಬೇಡಿ, ಯಾವ್ಯಾವುದು ಹೋಗಿದೆ ಅಂತ ಕೂತ್ಕೊಂಡು ನೋಡಿ. ಒಂದೇ ಟ್ರಾನ್ಸ್‌ಪಾಂಡರ್ ಹೋಗಿದ್ರೆ ಫ್ರೀಕ್ವೆನ್ಸಿ ಬದಲಾಗಿರತ್ತೆ, ಮತ್ತೆ ಸ್ಕ್ಯಾನ್ ಸಾಕು. ಹಾರಿಜಾಂಟಲ್ ಎಲ್ಲಾ ಹೋಗಿ ವರ್ಟಿಕಲ್ ಮಾತ್ರ ಬರ್ತಿದ್ರೆ ಆ 18 ವೋಲ್ಟ್ ಎಲ್‌ಎನ್‌ಬಿ ತನಕ ತಲುಪ್ತಿಲ್ಲ, ಕನೆಕ್ಟರ್‌ಗೆ ತುಕ್ಕು ಹಿಡಿದಿದೆಯಾ ನೋಡಿ. 11,700 ಮೆಗಾಹರ್ಟ್ಜ್‌ಗಿಂತ ಮೇಲಿನ ಫ್ರೀಕ್ವೆನ್ಸಿ ಮಾತ್ರ ಹೋಗಿದ್ರೆ 22ಕೆ ಸೆಟ್ಟಿಂಗು ನೋಡಿ. ಜೋರು ಮಳೇಲಿ ಹೋದ್ರೆ ಮಳೆ ನಿಂತ ಮೇಲೆ ತಾನಾಗೇ ಬರತ್ತೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಚೀಚೆ ಕೆಲವು ದಿನ, ದಿನಾ ಹೆಚ್ಚು ಕಮ್ಮಿ ಒಂದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಒಡೆಯೋದೂ ಉಂಟು, ಆಗ ಸೂರ್ಯ ಸರಿಯಾಗಿ ಸ್ಯಾಟಲೈಟ್ ಹಿಂದೆ ಬಂದಿರ್ತಾನೆ. ಆ ಹೊತ್ತಲ್ಲಿ ಹೋಗಿ ಡಿಶ್ ನೋಡಿ, ಅದರ ಮೇಲೆ ಮರದ ನೆರಳು ಬಿದ್ದಿದ್ರೆ ಆ ಕೊಂಬೆಯೇ ನಿಮ್ಮ ಸಿಗ್ನಲ್‌ಗೆ ಅಡ್ಡ ಇರೋದು ಅಂತ ತಿಳ್ಕೊಳ್ಳಿ.

ಎಲ್ಲಾ ಸರಿಯಾಗಿ ಬರೋವಾಗ್ಲೇ ಕಂಬಕ್ಕೂ ಬ್ರ್ಯಾಕೆಟ್‌ಗೂ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು ಫೋಟೋ ತೆಗೆದಿಟ್ಕೊಳ್ಳಿ, ಎತ್ತರದ ಸ್ಕೇಲ್‌ದೂ ಒಂದು. ಗಾಳಿಗೆ ಡಿಶ್ ತಿರುಗಿದ್ರೆ ಗೆರೆಗೆ ಗೆರೆ ಕೂಡಿಸಿದ್ರೆ ಆಯ್ತು.