ಮಧುಗಿರಿ ಸೀಮೆಯಲ್ಲಿ ಗೂಬೆಗಳ ಹಗಲಿನ ತಂಗುದಾಣ ಹುಡುಕಿದ ನನ್ನ ಅನುಭವ

ಗೂಬೆಗಳನ್ನು ನೋಡಬೇಕೆಂಬ ಹಟದಿಂದ ಮೊದಲ ಎರಡು ವರ್ಷ ನಾನು ರಾತ್ರಿಯ ಹೊತ್ತು ಟಾರ್ಚು ಹಿಡಿದು ಕೆರೆಯ ಏರಿ, ತೆಂಗಿನ ತೋಟ, ಗುಡ್ಡದ ಬುಡಗಳಲ್ಲಿ ಅಲೆದೆ. ಕೂಗು ಕೇಳಿಸಿತೇ ಹೊರತು ಹಕ್ಕಿ ಕಣ್ಣಿಗೆ ಬಿದ್ದದ್ದು ತೀರ ಅಪರೂಪ. ಒಂದು ಮಧ್ಯಾಹ್ನ ಶಾಲೆಯ ಹಿಂದಿನ ಹುಣಸೆ ಮರದ ಕೊಂಬೆಗಳನ್ನು ಕತ್ತೆತ್ತಿ ನೋಡುತ್ತಿದ್ದಾಗ ಕುರಿ ಕಾಯುವ ಹಿರಿಯರೊಬ್ಬರು, "ಮೇಲ್ಯಾಕ್ ನೋಡ್ತೀರಾ ಮೇಷ್ಟ್ರೇ, ಬುಡ ನೋಡಿ, ಸುಣ್ಣ ಚೆಲ್ಲಿದಂಗಿರ್ತೈತೆ" ಎಂದರು. ಅಂದಿನಿಂದ ನನ್ನ ಹುಡುಕಾಟ ಹಗಲಿಗೂ ನೆಲಕ್ಕೂ ಇಳಿಯಿತು. ಹಕ್ಕಿ ದಿನವೂ ಒಂದೇ ಜಾಗದಲ್ಲಿ ಕೂರುವುದರಿಂದ ಅದರ ಕೆಳಗೆ ಬಿಳಿಯ ಹಿಕ್ಕೆ ಗೆರೆಗೆರೆಯಾಗಿ ಒಣಗಿರುತ್ತದೆ. ಜೊತೆಗೆ ಅದು ಕಕ್ಕಿದ ಉಂಡೆಗಳೂ ಬಿದ್ದಿದ್ದರೆ ಅನುಮಾನಕ್ಕೆ ಎಡೆಯಿಲ್ಲ.

ಆ ಹುಣಸೆ ಮರದಲ್ಲಿ ಇದ್ದದ್ದು ಹಾಲಕ್ಕಿಗಳ ಜೋಡಿ. ಮೈನಾ ಹಕ್ಕಿಗಿಂತ ಗಾತ್ರದಲ್ಲಿ ಹೆಚ್ಚೇನೂ ದೊಡ್ಡದಲ್ಲದ, ಬೂದುಗಂದು ಮೈಮೇಲೆ ಬಿಳಿ ಚುಕ್ಕೆಗಳಿರುವ ಈ ಪುಟ್ಟ ಗೂಬೆ ಪೊಟರೆಯನ್ನು ತಾನೇ ಕೊರೆಯಲಾರದು. ಕೊಂಬೆ ಮುರಿದು ಕೊಳೆತು ಆದ ಪೊಟರೆಯನ್ನೋ ಗೋಡೆಯ ಬಿರುಕನ್ನೋ ನೆಚ್ಚಿಕೊಳ್ಳಬೇಕು, ಅದಕ್ಕೂ ಗಿಳಿ ಮತ್ತು ಮೈನಾಗಳೊಡನೆ ಜಗಳವಾಡಬೇಕು. ಚಳಿಗಾಲದ ಬೆಳಿಗ್ಗೆ ಎರಡೂ ಪೊಟರೆಯ ಬಾಯಲ್ಲಿ ಮೈಗೆ ಮೈ ತಾಗಿಸಿ ಬಿಸಿಲು ಕಾಯಿಸುತ್ತಿದ್ದವು. ನಾನು ನಿಂತರೆ ತಲೆಯನ್ನು ಮೇಲೆ ಕೆಳಗೆ ಆಡಿಸಿ, ನೆಟ್ಟ ನೋಟದಿಂದ ಅಳೆಯುತ್ತಿದ್ದವು; ಕಣ್ಣುಗುಡ್ಡೆ ಗೂಡಿನೊಳಗೆ ಹೊರಳುವುದಿಲ್ಲವಾದ್ದರಿಂದ ಗೂಬೆಗೆ ಎಲ್ಲವನ್ನೂ ಕತ್ತು ತಿರುಗಿಸಿಯೇ ನೋಡಬೇಕಾಗುತ್ತದೆ. ಬುಡುಬುಡಿಕೆಯವರು ಮನೆಬಾಗಿಲಲ್ಲಿ ನಿಂತು ನುಡಿಸುವ ಶುಭಶಕುನದ ಹಾಲಕ್ಕಿ ಇದೇ ಎಂಬುದನ್ನೂ, ಅದೇ ಹಕ್ಕಿ ಮಾಳಿಗೆಯ ಮೇಲೆ ಕೂತು ಕೂಗಿದರೆ ನಮ್ಮೂರಿನವರು ಕಲ್ಲು ಹೊಡೆಯುತ್ತಾರೆ ಎಂಬುದನ್ನೂ ಹೇಳದೆ ಇರಲಾರೆ.

ನಾನು ಹೆಚ್ಚು ಕಲಿತದ್ದು ಕಣಜ ಗೂಬೆಯಿಂದ. ಊರ ಹಳೆಯ ದೇವಸ್ಥಾನದ ಗೋಪುರದೊಳಗೆ ರಾತ್ರಿ ಬುಸುಗುಟ್ಟುವ ಸದ್ದು ಕೇಳಿ ಹಾವು ಸೇರಿಕೊಂಡಿದೆಯೆಂದು ಜನ ಹೆದರಿದ್ದರು. ಅರ್ಚಕರ ಒಪ್ಪಿಗೆ ಪಡೆದು ಏಣಿ ಹತ್ತಿದಾಗ, ಹೃದಯದಾಕಾರದ ಬಿಳಿ ಮುಖದ ನಾಲ್ಕು ಮರಿಗಳು ಒಂದಕ್ಕಿಂತ ಒಂದು ಚಿಕ್ಕದಾಗಿ, ಮೆಟ್ಟಿಲು ಜೋಡಿಸಿದಂತೆ ನಿಂತು ಓಲಾಡುತ್ತ ಬುಸುಗುಟ್ಟಿದವು. ತಾಯಿ ಎರಡು ಮೂರು ದಿನಗಳಿಗೊಂದು ಮೊಟ್ಟೆಯಿಟ್ಟು, ಮೊದಲನೆಯದರಿಂದಲೇ ಕಾವು ಕೂರುವುದರಿಂದ ಮರಿಗಳು ಒಂದೊಂದಾಗಿ ಹೊರಬರುತ್ತವೆ. ಇಲಿ ಕಡಿಮೆಯಾದ ವರ್ಷ ಹಿರಿಯ ಮರಿಗಳು ಬದುಕಿ ಕಿರಿಯದು ಸಾಯುತ್ತದೆ. ಗೂಡಿಗೆ ಹುಲ್ಲಿಲ್ಲ, ಕಡ್ಡಿಯಿಲ್ಲ. ಹಳೆಯ ಉಂಡೆಗಳು ಪುಡಿಯಾಗಿ ಆದ ಮೆತ್ತೆಯೇ ಹಾಸಿಗೆ.

ಮರಿಗಳನ್ನು ಮುಟ್ಟದೆ ಇಳಿದು, ಗೋಪುರದ ಕೆಳಗೆ ಬಿದ್ದಿದ್ದ ಉಂಡೆಗಳನ್ನಷ್ಟೇ ಆಯ್ದುಕೊಂಡೆ. ಹೊಸದಾದ ಉಂಡೆ ಹೆಬ್ಬೆರಳಿಗಿಂತ ದಪ್ಪವಾಗಿ, ಕಪ್ಪಗೆ, ವಾರ್ನಿಷ್ ಬಳಿದಂತೆ ಮಿರುಗುತ್ತದೆ. ಗೂಬೆ ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿ ನುಂಗುತ್ತದೆ; ಕರಗದ ಕೂದಲು ಮತ್ತು ಮೂಳೆ ಹೊಟ್ಟೆಯಲ್ಲಿ ಒತ್ತಿಕೊಂಡು ಉಂಡೆಯಾಗಿ ಬಾಯಿಂದಲೇ ಹೊರಬೀಳುತ್ತವೆ. ಉಂಡೆಗಳನ್ನು ಒಂದು ರಾತ್ರಿ ಡೆಟಾಲ್ ಬೆರೆಸಿದ ನೀರಿನಲ್ಲಿ ನೆನೆಸಿ, ಕೈಗವಸು ತೊಟ್ಟು, ಸೂಜಿ ಮತ್ತು ಚಿಮ್ಮಟದಿಂದ ಬಿಡಿಸಿ, ಮೂಳೆಗಳನ್ನು ಹಳೆಯ ಪತ್ರಿಕೆಯ ಮೇಲೆ ಹರವಿದೆ. ಒಂದೊಂದರಲ್ಲಿ ಎರಡು, ಕೆಲವೊಮ್ಮೆ ಮೂರು ತಲೆಬುರುಡೆಗಳು ಸಿಕ್ಕವು. ಇಲಿಯ ಬುರುಡೆಯಲ್ಲಿ ಮುಂದಿನ ಬಾಗಿದ ಹಲ್ಲು ಕಿತ್ತಳೆ ಬಣ್ಣದ್ದು, ಅದರ ಹಿಂದೆ ಖಾಲಿ ದವಡೆ, ಆಮೇಲೆ ದವಡೆಹಲ್ಲು. ಸುಂಡಿಲಿಯದಾದರೆ ಹಲ್ಲುಗಳೆಲ್ಲ ಬಿಳಿ, ಚೂಪು, ನಡುವೆ ಜಾಗವಿಲ್ಲದ ಸಾಲು. ಬೆಕ್ಕು ಕೊಂದರೂ ನಾತಕ್ಕೆ ತಿನ್ನದೆ ಬಿಟ್ಟುಹೋಗುವ ಸುಂಡಿಲಿಯನ್ನು ಗೂಬೆ ನುಂಗುತ್ತದೆಂದು ನನಗೆ ತಿಳಿದದ್ದು ಆಗಲೇ. ಅರ್ಚಕರಿಗೆ ಆ ಬುರುಡೆಗಳನ್ನು ಒಂದು ತಟ್ಟೆಯಲ್ಲಿಟ್ಟು ತೋರಿಸಿದೆ. ನೈವೇದ್ಯದ ಅಕ್ಕಿಯ ಮೂಟೆಗೆ ಇಲಿಗಳು ಬೀಳುತ್ತಿದ್ದುದು ಅವರಿಗೆ ಗೊತ್ತಿತ್ತು. ಗೋಪುರದ ಕಿಂಡಿಗೆ ತಂತಿಬಲೆ ಹೊಡೆಸುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ನಾನು ತಪ್ಪು ಮಾಡಿದ್ದು ಕೊಂಬಿನ ಗೂಬೆಯ ವಿಷಯದಲ್ಲಿ. ಕಡಲೆಕಾಯಿ ಹೊಲಗಳ ಅಂಚಿನ ಕೊರಕಲೊಂದರಲ್ಲಿ, ಲಾಂಟಾನದ ಮರೆಯ ಬಂಡೆಯ ಚಾಚಿನ ಮೇಲೆ ಅದು ಬರಿಯ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಕೂತಿತ್ತು. ಜನವರಿಯ ಒಂದು ಭಾನುವಾರ ಒಳ್ಳೆಯ ಚಿತ್ರ ಸಿಗಲೆಂಬ ಆಸೆಯಿಂದ ಮಿತ್ರರಿಬ್ಬರನ್ನು ಕರೆದುಕೊಂಡು ಹತ್ತಾರು ಹೆಜ್ಜೆ ದೂರದವರೆಗೆ ಹೋದೆ. ಹಕ್ಕಿ ಎದ್ದು ಹಾರಿತು. ಬಯಲಿಗೆ ಬಂದದ್ದೇ ತಡ, ಕಾಗೆಗಳು ಬೆನ್ನಟ್ಟಿ ಕುಕ್ಕತೊಡಗಿದವು. ನಾವು ಕೂಡಲೇ ಹಿಂದಿರುಗಿದೆವಾದರೂ ಮುಂದಿನ ವಾರ ದುರ್ಬೀನಿನಲ್ಲಿ ನೋಡಿದಾಗ ಚಾಚಿನ ಮೇಲೆ ಹಕ್ಕಿಯೂ ಇರಲಿಲ್ಲ, ಮೊಟ್ಟೆಯೂ ಇರಲಿಲ್ಲ. ಮುಂಗುಸಿ ತಿಂದಿತೋ, ಕಾಗೆ ಒಯ್ದಿತೋ, ಕಾರಣ ನಾನೇ.

ಈಗ ನವೆಂಬರಿನಿಂದ ಮಾರ್ಚಿನವರೆಗೆ ಕೊರಕಲಿಗೆ ಇಳಿಯುವುದಿಲ್ಲ. ಎದುರು ದಂಡೆಯ ಬೇವಿನ ಮರದ ಕೆಳಗೆ ಕೂತು ದುರ್ಬೀನಿನಲ್ಲಷ್ಟೇ ನೋಡುತ್ತೇನೆ. ಜಾಗವನ್ನು ಯಾರಿಗೂ ಹೇಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದರೂ ದೀಪಾವಳಿ ಅಮಾವಾಸ್ಯೆಯ ಆಸುಪಾಸಿನಲ್ಲಿ ಮಾಟಮಂತ್ರದ ಹೆಸರಲ್ಲಿ ಗೂಬೆ ಹಿಡಿಯುವವರು ಇದ್ದೇ ಇದ್ದಾರೆ.

ಒಂದು ವರ್ಷ ಬಿಟ್ಟು ಜೋಡಿ ಅದೇ ಕೊರಕಲಿಗೆ, ಆದರೆ ಮೇಲಿನ ಇನ್ನೊಂದು ಚಾಚಿಗೆ ಬಂದಿದೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಗಂಡು ಬಂಡೆಯ ನೆತ್ತಿಗೆ ಬಂದು, ತಲೆಯ ಮೇಲಿನ ಕೊಂಬಿನಂಥ ಗರಿಗಳನ್ನು ನಿಮಿರಿಸಿ, ಗಂಟಲ ಬಿಳಿ ಉಬ್ಬಿಸಿ "ಬುಬ್ಬೂ" ಎಂದು ಎರಡು ಮೂರು ಸಲ ಕೂಗುತ್ತದೆ. ಹೆಣ್ಣು ಕೆಳಗಿನಿಂದ ಓಗೊಡುತ್ತದೆ. ಆಮೇಲೆ ನನ್ನ ತಲೆಯ ಮೇಲಿಂದಲೇ ಹಾರಿ ಹೊಲದತ್ತ ಹೋಗುತ್ತದೆ. ರೆಕ್ಕೆಯ ಮುಂಗರಿಯ ಅಂಚು ಬಾಚಣಿಗೆಯಂತೆ ಸೀಳಿರುವುದರಿಂದ ಗಾಳಿ ಸದ್ದಿಲ್ಲದೆ ಜಾರುತ್ತದೆ. ಆಕಾಶದ ಒಂದು ಚೂರು ಕಪ್ಪಾಗಿ ಮತ್ತೆ ಬೆಳ್ಳಗಾದದ್ದಷ್ಟೇ ಗೊತ್ತಾಗುತ್ತದೆ. ಗಡಿಯಾರ ನೋಡಿ ಹೊತ್ತನ್ನು ಪುಸ್ತಕದಲ್ಲಿ ಬರೆದುಕೊಂಡು ಏಳುತ್ತೇನೆ.